ಕಾಕಾನ ಉದ್ರಿ ಲೆಕ್ಕ ಮತ್ತು ಕೆಂಪು ಪಟ್ಟಿ

ಹೂವಿನ ಹಿಪ್ಪರಗಿಯಲ್ಲಿ ನಮ್ಮ ಕಾಕಾನ ಬೀಜ, ಗೊಬ್ಬರದ ಅಂಗಡಿ ಐತಿ. ಅರ್ಧ ವ್ಯಾಪಾರ ಉದ್ರಿ. ತೊಗರಿ ರಾಶಿ ಆದಮೇಲೆ ರೊಕ್ಕ. ಆ ಉದ್ರಿ ಪೂರ್ತಿ ಇದ್ದದ್ದು ಮೈಕ್ರೋಸಾಫ್ಟ್ ಆಕ್ಸೆಸ್ 2003ರಲ್ಲಿ ಮಾಡಿದ ಒಂದು ಎಂಡಿಬಿ ಫೈಲಿನಲ್ಲಿ.

ಈ ಸಲ ಹೊಸ ಕಂಪ್ಯೂಟರ್, ಹೊಸ ಆಫೀಸ್ ಬಂತು. ಫೈಲನ್ನು ನಾನೇ ಗೂಗಲ್ ಡ್ರೈವಿಗೆ ಹಾಕಿ, ಇದರಲ್ಲಿ ಡೌನ್‌ಲೋಡ್ ಮಾಡಿಕೊಂಡೆ. ತೆರೆದರೆ ಮೇಲೆ ಕೆಂಪು ಪಟ್ಟಿ: ಸೆಕ್ಯೂರಿಟಿ ರಿಸ್ಕ್. ಬಿಲ್ ಬಟನ್ ಎಷ್ಟು ಒತ್ತಿದರೂ ಸುಮ್ಮನೆ ಕೂತಿದೆ.

"ಎಲ್ಲಾ ಹೋತೇನೋ ತಮ್ಮಾ?" ಅಂದ್ರು ಕಾಕಾ.

ಏನೂ ಹೋಗಿರಲಿಲ್ಲ. ಟೇಬಲ್ ತೆರೆದು ನೋಡಿದೆ, ಒಂದೊಂದು ಹೆಸರೂ ಇತ್ತು. ನಿಂತದ್ದು ಬಟನ್ ಹಿಂದಿನ ಕೋಡ್ ಮಾತ್ರ. ನೆಟ್‌ನಿಂದ ಇಳಿಸಿದ ಫೈಲಿಗೆ ವಿಂಡೋಸ್ ಒಂದು ಗುರುತು ಹಚ್ಚುತ್ತದೆ. ಅಂಥ ಫೈಲಿನ ಮ್ಯಾಕ್ರೋಗಳನ್ನು ಆಫೀಸ್ 2022ರಿಂದ ತಡೆಯುತ್ತದೆ, ಯಾಕಂದ್ರೆ ವೈರಸ್ ಬರೋ ಹಳೇ ದಾರಿ ಅದೇ. ಅಂದ್ರೆ ತಪ್ಪು ನಾನು ಫೈಲ್ ತಂದ ದಾರಿಯದು.

ಪರಿಚಯದವರೊಬ್ಬರು ಫೋನಿನಲ್ಲಿ, "ಎನೇಬಲ್ ಆಲ್ ಮ್ಯಾಕ್ರೋಸ್ ಒತ್ತಿಬಿಡು" ಅಂದ್ರು. ಒತ್ತಲಿಲ್ಲ. ಹಾಗೆ ಮಾಡಿದ್ರೆ ನಾಳೆ ಯಾರೋ ಕಳಿಸಿದ ಫೈಲಿನ ಕೋಡೂ ಕೇಳದೇ ಓಡುತ್ತದೆ, ಅದೇ ಕಂಪ್ಯೂಟರಿನಲ್ಲಿ ಊರಿನ ಉದ್ರಿ ಇರುತ್ತದೆ.

ಮೊದಲು ಪೆನ್‌ಡ್ರೈವಿಗೆ ಒಂದು ಕಾಪಿ ತೆಗೆದೆ. ಆಕ್ಸೆಸ್ ಮುಚ್ಚಿ, ಫೈಲಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್. ಕೆಳಗಡೆ ಅನ್‌ಬ್ಲಾಕ್ ಅಂತಿತ್ತು, ಟಿಕ್ ಮಾಡಿ ಓಕೆ. ಮತ್ತೆ ತೆರೆದೆ, ಕೆಂಪು ಹೋಗಿ ಹಳದಿ ಪಟ್ಟಿ ಬಂತು. ಅದರಲ್ಲಿ ಎನೇಬಲ್ ಕಂಟೆಂಟ್ ಒತ್ತಿದರೂ ನಡೆಯುತ್ತದೆ. ಆದರೆ ಪಟ್ಟಿ ಕಂಡಾಗೆಲ್ಲ ನೋಡದೇ ಒತ್ತೋ ಚಟ ಕಾಕಾಗೆ ಹತ್ತಬಾರದು ನೋಡ್ರಿ. ಅದಕ್ಕೆ ಡಿ ಡ್ರೈವಿನಲ್ಲಿ 'ಉದ್ರಿ' ಅಂತ ಫೋಲ್ಡರ್ ಮಾಡಿ ಫೈಲನ್ನು ಅಲ್ಲಿಟ್ಟೆ. ಆಕ್ಸೆಸ್‌ನ ಫೈಲ್ ಮೆನು, ಆಪ್ಷನ್ಸ್, ಟ್ರಸ್ಟ್ ಸೆಂಟರ್, ಅದರ ಸೆಟಿಂಗ್ಸ್‌ನಲ್ಲಿ ಟ್ರಸ್ಟೆಡ್ ಲೊಕೇಶನ್ಸ್. ಅಲ್ಲಿ ಅದೊಂದೇ ಫೋಲ್ಡರ್ ಸೇರಿಸಿದೆ. ಡೌನ್‌ಲೋಡ್ಸ್ ಫೋಲ್ಡರನ್ನ ಮಾತ್ರ ಅಲ್ಲಿ ಸೇರಿಸಬ್ಯಾಡ್ರಿ.

ನಿಮ್ಮದು ಆಕ್ಸೆಸ್ 97ರ ಫೈಲಾದ್ರೆ ಇದ್ಯಾವುದೂ ಸಾಲದು. 2013 ಮತ್ತು ಮುಂದಿನವು ಅದನ್ನು ತೆರೆಯೋದೇ ಇಲ್ಲ. ಮೊದಲು 2010ರಂಥ ಹಳೆಯದರಲ್ಲಿ ತೆರೆದು ಬದಲಿಸಬೇಕು.

ಇಷ್ಟಾದ ಮೇಲೂ ಹೆಸರುಗಳೆಲ್ಲ ವಿಚಿತ್ರ ಇಂಗ್ಲಿಷ್ ಅಕ್ಷರ! ಕಾಕಾ, "ವೈರಸ್ಸೇ ಬಂತು" ಅಂದ್ರು. ಅದು ಬರೆದದ್ದು ನುಡಿಯ ಹಳೆ ಫಾಂಟಿನಲ್ಲಿ, ಯೂನಿಕೋಡ್ ಅಲ್ಲ. ಫಾಂಟ್ ಹಾಕಿದ ಕೂಡಲೇ ಕನ್ನಡ ಮೂಡಿತು. ಕಾಕಾ ಮೊದಲು ತೆಗೆಸಿ ನೋಡಿದ್ದು ತಮ್ಮ ಅಳಿಯನ ಉದ್ರಿ.