ಸೀಮೆ ಹಸುವಿನ ಉಣ್ಣೆಜ್ವರವೂ ಅದರ ಲಸಿಕೆಯೂ
(ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಾಡಹಬ್ಬದ ವೇದಿಕೆಯಲ್ಲಿ ದನದ ಜ್ವರದ ಮಾತೇಕೆಂದು ತಾವು ಕೇಳಬಹುದು. ಹೊಟ್ಟೆಪಾಡಿಗಾಗಿ ಹೈದರಾಬಾದಿಗೆ ಬಂದು ನೆಲೆಸಿದ ನಮ್ಮಲ್ಲಿ ಅನೇಕರು ಊರಿನಲ್ಲಿರುವ ತಂದೆತಾಯಿಗಳಿಗೋ ಅಣ್ಣತಮ್ಮಂದಿರಿಗೋ ಹಣ ಕಳುಹಿಸಿ ಸೀಮೆ ಹಸು ಕೊಡಿಸಿದ್ದೇವೆ. ಅದು ಸತ್ತರೆ ಒಂದು ಸಂಸಾರದ ವರಮಾನವೇ ನಿಂತಂತೆ.

ಈ ಜ್ವರದ ಶಾಸ್ತ್ರೀಯ ಹೆಸರು ಥೈಲೇರಿಯಾಸಿಸ್. ದಕ್ಷಿಣ ಆಫ್ರಿಕದಲ್ಲಿ ದುಡಿದ ಪಶುವೈದ್ಯ ಆರ್ನಾಲ್ಡ್ ಥೈಲರರ ನೆನಪಿಗೆ ಇಟ್ಟದ್ದು. ಇದನ್ನು ಹರಡುವುದು ಉಣ್ಣೆ. ಉಣ್ಣೆಯಿಂದ ದನಕ್ಕೆ ರೋಗ ತಗಲುತ್ತದೆಂಬುದನ್ನು ಇಂಥದೇ ಬೇರೊಂದು ಜ್ವರದಲ್ಲಿ ಅಮೆರಿಕದ ಸ್ಮಿತ್ ಮತ್ತು ಕಿಲ್‌ಬೋರ್ನ್ 1893ರಲ್ಲಿ ಪ್ರಕಟಿಸಿದರು. ನಮ್ಮ ಪಕ್ಕದ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯದ ಜೀವಿಯನ್ನು ಕಂಡದ್ದು 1897ರಲ್ಲಿ.

ಉಣ್ಣೆಯ ಎಂಜಲಿನೊಡನೆ ಒಳಸೇರುವ ಈ ಪರೋಪಜೀವಿಯ ಧೈರ್ಯ ನೋಡಿ. ಶರೀರವನ್ನು ಕಾಯಬೇಕಾದ ಬಿಳಿ ಕಣದೊಳಕ್ಕೇ ನುಗ್ಗುತ್ತದೆ. ಆ ಕಣ ಎಡೆಬಿಡದೆ ಒಡೆದು ಎರಡಾಗುತ್ತ ಹೋಗುವಂತೆ ಮಾಡಿ, ತಾನೂ ಅದರೊಡನೆ ಪಾಲಾಗುತ್ತ ಬೆಳೆಯುತ್ತದೆ. ಹೆಗಲ ಮುಂದಿನ ಗಂಟು ಊದುತ್ತದೆ, ಜ್ವರ ಏರುತ್ತದೆ, ಮುಂದೆ ಕೆಂಪು ಕಣಗಳೂ ನಾಶವಾಗಿ ಹಸು ಬಿಳಿಚಿಕೊಳ್ಳುತ್ತದೆ. ಸಾಹಿವಾಲದಂಥ ದೇಶೀ ತಳಿಗೂ ರೋಗ ತಗಲುವುದುಂಟು. ಆದರೆ ಅದು ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ. ಸೀಮೆ ಹಸುವಿಗೆ ಆ ತಾಳಿಕೆಯಿಲ್ಲ.

ಇದರ ಲಸಿಕೆ ಬಲು ವಿಚಿತ್ರವಾದದ್ದು. ರೋಗ ಹೊಕ್ಕ ಬಿಳಿ ಕಣಗಳನ್ನೇ ಪ್ರಯೋಗಶಾಲೆಯ ಸೀಸೆಗಳಲ್ಲಿ ತಲೆಮಾರಿನ ಮೇಲೆ ತಲೆಮಾರಾಗಿ ಬೆಳೆಸುತ್ತಾರೆ. ಬಹುಕಾಲ ಹೀಗೆ ಬೆಳೆದ ಮೇಲೆ ಜೀವಿಯ ಉಗ್ರತೆ ಅಡಗುತ್ತದೆ. ಆ ಜೀವಂತ ಕಣಗಳೇ ಲಸಿಕೆ. ನಮ್ಮ ದೇಶದಲ್ಲಿ ಇದನ್ನು ರಕ್ಷಾವ್ಯಾಕ್-ಟಿ ಎಂಬ ಹೆಸರಿನಲ್ಲಿ ಹೊರತಂದದ್ದು ಇದೇ ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸಂಸ್ಥೆ.

ಚುಚ್ಚಿದ ಕಣಗಳು ಪರಕೀಯವಾದ್ದರಿಂದ ಹಸುವಿನ ಶರೀರ ಅವನ್ನು ತಳ್ಳಿಹಾಕುತ್ತದೆ. ಅಷ್ಟರೊಳಗೆ ಸಾಧುವಾದ ಪರೋಪಜೀವಿ ಹಸುವಿನ ಸ್ವಂತ ಕಣಗಳನ್ನು ಸೇರಿರುತ್ತದೆ. ಆಗ ಟಿ-ಕಣಗಳೆಂಬ ಪಡೆ ಎಚ್ಚರಗೊಳ್ಳುತ್ತದೆ. ಅವುಗಳಲ್ಲಿ ಕೆಲವು, ಕಳ್ಳನನ್ನು ಬಚ್ಚಿಟ್ಟುಕೊಂಡ ಕಣವನ್ನು ಗುರುತಿಸಿ ಕಣವನ್ನೇ ಕೊಲ್ಲುತ್ತವೆ. ಇನ್ನು ಕೆಲವು ಇಂಟರ್‌ಫೆರಾನ್ ಎಂಬ ವಸ್ತುವನ್ನು ಸ್ರವಿಸಿ, ನುಂಗುಕಣಗಳನ್ನು ಹುರಿದುಂಬಿಸುತ್ತವೆ; ಅವು ನೈಟ್ರಿಕ್ ಆಕ್ಸೈಡ್ ತಯಾರಿಸಿ ಜೀವಿಯನ್ನು ನಾಶಮಾಡುತ್ತವೆ. ಮುಂದೆ ನಿಜವಾದ ರೋಗ ಬಂದಾಗ ಈ ಪಡೆಗೆ ಹಳೆಯ ನೆನಪಿರುತ್ತದೆ.

ಪ್ರತಿಕಾಯಗಳೂ ರಕ್ತದಲ್ಲಿ ಹುಟ್ಟುತ್ತವೆ. ಆದರೆ ಕಣದೊಳಗೆ ಅಡಗಿ ಕುಳಿತವನ ಬಳಿಗೆ ಅವು ಹೋಗಲಾರವು. ಬಾಗಿಲು ಹಾಕಿದ ಮನೆಯ ಹೊರಗೆ ಪೊಲೀಸರು ನಿಂತಂತೆ. ಆದ್ದರಿಂದ ರಕ್ತಪರೀಕ್ಷೆಯಲ್ಲಿ ಪ್ರತಿಕಾಯ ಕಂಡಿತೆಂದು ಯಾರಾದರೂ ಹೇಳಿದರೆ, ಹಸು ಈ ಜೀವಿಯನ್ನು ಒಮ್ಮೆ ಎದುರಿಸಿದೆ ಎಂದಷ್ಟೇ ತಿಳಿಯಿರಿ. ಅದು ಕ್ಷೇಮಪತ್ರವಲ್ಲ. ಈ ಭೇದ ತಿಳಿಯದೆ ನಿಶ್ಚಿಂತರಾಗುವುದೇ ಅಪಾಯ.

ಕಣಗಳು ಜೀವಂತವಾಗಿರಬೇಕಾದ್ದರಿಂದ ಲಸಿಕೆಯನ್ನು ದ್ರವ ನೈಟ್ರೋಜನ್ನಿನಲ್ಲಿ, ಶೂನ್ಯಕ್ಕಿಂತ 196 ಡಿಗ್ರಿ ಕೆಳಗಿನ ಚಳಿಯಲ್ಲಿ, ಇಟ್ಟಿರುತ್ತಾರೆ. ಹೊರತೆಗೆದು ಕರಗಿಸಿದ ಮೇಲೆ ತಡಮಾಡುವಂತಿಲ್ಲ. ಹಳ್ಳಿಗಳಿಗೆ ಇದನ್ನು ಮುಟ್ಟಿಸುವುದು ಕಷ್ಟವಾಗಿರುವುದಕ್ಕೆ ಇದೇ ದೊಡ್ಡ ಕಾರಣ. ಊರಿಗೆ ಫೋನು ಮಾಡಿದಾಗ, ನಾಲ್ಕೈದು ಮನೆಯವರು ಸೇರಿ ಪಶುವೈದ್ಯರನ್ನು ಒಂದೇ ದಿನಕ್ಕೆ ಕರೆಸಿಕೊಳ್ಳುವಂತೆ ಹೇಳಿ. ಗಬ್ಬದ ಹಸುವಾದರೆ ಅದನ್ನು ಅವರಿಗೆ ಮೊದಲೇ ತಿಳಿಸಬೇಕು.

ಲಸಿಕೆ ಹಾಕಿಸಿದ ಮಾತ್ರಕ್ಕೆ ಉಣ್ಣೆ ಕಚ್ಚುವುದು ನಿಲ್ಲದು. ಕೆಂಪು ಮೂತ್ರದ ರೋಗವನ್ನೂ ಇದು ತಡೆಯದು. ಕೊಟ್ಟಿಗೆಯ ಗೋಡೆಯ ಬಿರುಕುಗಳನ್ನು ಮೆತ್ತಿಸುವುದು, ಉಣ್ಣೆ ಆರಿಸುವುದು ತಪ್ಪಬಾರದು. ಜ್ವರ ಬಂದೇಬಿಟ್ಟರೆ ಬುಪಾರ್ವಕ್ವೋನ್ ಎಂಬ ಔಷಧವಿದೆ. ಬೆಲೆ ಹೆಚ್ಚು, ಗಂಟು ಊದಿದ ಮೊದಲ ದಿನಗಳಲ್ಲೇ ಕೊಟ್ಟರೆ ಹಸು ಉಳಿಯುವ ಸಂಭವವೂ ಹೆಚ್ಚು.