ಬದಲಾಯಿಸು ಎಂಬ ಒಂದೇ ಅರ್ಥ


ಚೇಂಜ್, ಆಲ್ಟರ್, ಅಮೆಂಡ್ ಮೂರಕ್ಕೂ ‘ಬದಲಾಯಿಸು’ ಎಂದೇ ಈ ಶಾಲೆಯಲ್ಲಿ ನಾನು ಅರ್ಥ ಬರೆಸುತ್ತಿದ್ದೆ. ಅದು ಸಾಲದು. ಅಂಗಿ ಕಳಚಿ ಬೇರೊಂದನ್ನು ತೊಡುವುದು ಚೇಂಜ್. ಅಣ್ಣನ ಅಂಗಿಯನ್ನು ತಮ್ಮನ ಅಳತೆಗೆ ಹೊಲಿಸುವುದು ಆಲ್ಟರ್, ಬಟ್ಟೆ ಅದೇ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾದದ್ದೂ ‘ಆಲ್ಟರೇಷನ್ ಆಫ್ ನೇಮ್’ ಕಾಯಿದೆಯಿಂದಲೇ. ಹೆಸರು ಹೊಸದು, ನೆಲ ಅದೇ. ಅಮೆಂಡ್ ಎಂದರೆ ಕುಂದು ಕಂಡು ತಿದ್ದುವುದು. ಸಂವಿಧಾನದ ತಿದ್ದುಪಡಿಗೆ 368ನೇ ವಿಧಿ ಬಳಸುವ ಪದ ಇದೇ.

ಒಮ್ಮೆ ಒಬ್ಬ ಹುಡುಗನಿಗೆ ‘ನೀನು ಚೇಂಜ್ ಆಗಲೇಬೇಕು’ ಎಂದು ಗದರಿದೆ. ಮರುದಿನದಿಂದ ಅವನು ಶಾಲೆಗೆ ಬರಲಿಲ್ಲ. ನಾನು ಹೇಳಬೇಕಾಗಿದ್ದ ಮಾತು ಅಮೆಂಡ್: ನೀನು ನೀನಾಗಿಯೇ ಇರು, ತಪ್ಪನ್ನಷ್ಟೇ ತಿದ್ದಿಕೋ. ಅವನು ಈ ಸಭೆಯಲ್ಲಿದ್ದರೆ ಕೇಳಿಸಿಕೊಳ್ಳಲಿ, ಇಂದು ನನ್ನ ತಪ್ಪನ್ನು ತಿದ್ದಿಕೊಳ್ಳುತ್ತಿದ್ದೇನೆ.