ಮಕ್ಕಳ ಗಡ್ಡೆಗಳೂ ತಿದ್ದಿದ ಬಿಳಿಕಣಗಳೂ



ನಾಡಹಬ್ಬದ ವೇದಿಕೆಯಲ್ಲಿ ರೋಗದ ಮಾತೇಕೆ ಎಂದು ತಾವು ಕೇಳಬಹುದು. ಮುಂಬಯಿಯ ಕನ್ನಡಿಗರಾದ ನಮಗೆ ಇದು ದೂರದ ಮಾತಲ್ಲ. 1941ರಲ್ಲಿ ಪರೇಲಿನಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆ ತೆರೆದಂದಿನಿಂದ ಊರ ಕಡೆಯವರು ರೋಗಿಗಳನ್ನು ಕರೆದುಕೊಂಡು ಈ ನಗರಕ್ಕೆ ಬರುತ್ತಲೇ ಇದ್ದಾರೆ. ಈಗ ಅವರ ಬಾಯಲ್ಲಿ ಹೊಸದೊಂದು ಪ್ರಶ್ನೆ: ರೋಗಿಯ ರಕ್ತದ ಕಣವನ್ನೇ ತಿದ್ದಿ ಕ್ಯಾನ್ಸರನ್ನು ಗುಣಪಡಿಸುತ್ತಾರಂತೆ, ನಮ್ಮ ಮಗುವಿಗೂ ಆದೀತೆ? ಉತ್ತರ ಹೇಳುವ ಮುನ್ನ ಸಂಗತಿಯನ್ನು ಕೊಂಚ ಬಿಡಿಸಿ ನೋಡಬೇಕು.

ರಕ್ತದ ಬಿಳಿಕಣಗಳಲ್ಲಿ ಟಿ-ಕಣಗಳೆಂಬ ಜಾತಿಯೊಂದುಂಟು. ವೈರಿಯನ್ನು ಗುರುತಿಸಿ ಕೊಲ್ಲುವುದು ಅವುಗಳ ಕೆಲಸ. ಕ್ಯಾನ್ಸರ್ ಕಣವೋ ಮನೆಯಲ್ಲೇ ಹುಟ್ಟಿದ ವೈರಿ. ಅನೇಕ ವೇಳೆ ಅವುಗಳ ಕಣ್ಣಿಗೆ ಬೀಳುವುದಿಲ್ಲ. ಆದಕಾರಣ ಟಿ-ಕಣಗಳನ್ನು ಹೊರತೆಗೆದು, ಕೇಡು ಮಾಡದಂತೆ ಪಳಗಿಸಿದ ವೈರಸ್ಸಿನ ಮೂಲಕ ಅವಕ್ಕೆ ಹೊಸ ಜೀನೊಂದನ್ನು ಸೇರಿಸುತ್ತಾರೆ. ಆಗ ಕಣದ ಮೈಮೇಲೆ ವೈರಿಯ ಗುರುತನ್ನು ಹಿಡಿಯುವ ಕೊಕ್ಕೆ ಮೂಡುತ್ತದೆ. ಅಂಥ ಕಣಗಳನ್ನು ಬೆಳೆಸಿ ರೋಗಿಗೇ ಮರಳಿ ಏರಿಸುವುದು ಕಾರ್-ಟಿ ಚಿಕಿತ್ಸೆ. (ಮೋಟಾರು ಕಾರಿಗೂ ಇದಕ್ಕೂ ನಂಟಿಲ್ಲ!)

ರಕ್ತದ ಕ್ಯಾನ್ಸರಿನಲ್ಲಿ ಇದು ಗೆದ್ದಿತು. 2012ರಲ್ಲಿ ಫಿಲಡೆಲ್ಫಿಯದಲ್ಲಿ ಎಮಿಲಿ ವೈಟ್‌ಹೆಡ್ ಎಂಬ ಬಾಲಕಿ ಗುಣಹೊಂದಿದಳು. 2017ರಲ್ಲಿ ಅಮೆರಿಕ ಚಿಕಿತ್ಸೆಗೆ ಒಪ್ಪಿಗೆಯಿತ್ತಿತು. ನಮ್ಮ ನಗರದ ಐ.ಐ.ಟಿ.ಯೂ ಟಾಟಾ ಆಸ್ಪತ್ರೆಯೂ ಕೂಡಿ ದುಡಿದ ನೆಕ್ಸ್‌ಕಾರ್-19ಕ್ಕೆ 2023ರ ಅಕ್ಟೋಬರಿನಲ್ಲಿ ಭಾರತದ ಒಪ್ಪಿಗೆ ದೊರೆಯಿತು. ಹೆಮ್ಮೆಯ ವಿಷಯವೇ. ಆದರೆ ಆ ಒಪ್ಪಿಗೆ ಬಿ-ಕಣಗಳಿಂದ ಹುಟ್ಟುವ ರಕ್ತದ ಕ್ಯಾನ್ಸರುಗಳಿಗೆ ಮಾತ್ರ. ಪತ್ರಿಕೆಯ ತಲೆಬರಹ ಈ 'ಮಾತ್ರ'ವನ್ನು ನುಂಗಿಬಿಡುತ್ತದೆ.

ಗಡ್ಡೆಯ ಕತೆ ಬೇರೆ. ರಕ್ತದ ಕ್ಯಾನ್ಸರಿನಲ್ಲಿ ವೈರಿ ಬಯಲಲ್ಲಿ ಸಿಗುತ್ತಾನೆ, ಗಡ್ಡೆಯೆಂದರೆ ಕೋಟೆ. ಒಳಹೊಕ್ಕ ಟಿ-ಕಣಗಳನ್ನು ಅದು ದಣಿಸಿ ಕೈಕಟ್ಟಿ ಕೂರಿಸುತ್ತದೆ. ಇನ್ನೊಂದು ಸಂಕಟವೂ ಉಂಟು. ರಕ್ತದ ಕ್ಯಾನ್ಸರಿನೊಡನೆ ಒಳ್ಳೆಯ ಬಿ-ಕಣಗಳು ಸತ್ತರೂ ಮನುಷ್ಯ ಬದುಕಬಲ್ಲ. ಗಡ್ಡೆಯ ಗುರುತು ಹೃದಯದ ಮೇಲೋ ಶ್ವಾಸಕೋಶದ ಮೇಲೋ ಇದ್ದರೆ ಗತಿಯೇನು?

ಎಳೆಯ ನರಕಣಗಳಿಂದ ಹುಟ್ಟಿ, ಹೆಚ್ಚಾಗಿ 5 ವರ್ಷದೊಳಗಿನ ಮಕ್ಕಳನ್ನು ಕಾಡುವ ನ್ಯೂರೊಬ್ಲಾಸ್ಟೋಮ ಎಂಬ ಗಡ್ಡೆಯಿದೆ. ಅದರ ಕಣಗಳ ಮೇಲೆ ಜಿಡಿ-2 ಎಂಬ ಗುರುತು ದಟ್ಟವಾಗಿರುತ್ತದೆ. ಅಮೆರಿಕದ ಹೂಸ್ಟನ್ನಿನಲ್ಲಿ 2004ರಿಂದ 2009ರವರೆಗೆ 19 ಮಕ್ಕಳಿಗೆ ಇದನ್ನು ಹಿಡಿಯುವ ಕಣಗಳನ್ನು ಕೊಟ್ಟರು. ಅವರಲ್ಲಿ 12 ಮಕ್ಕಳು ಮುಂದೆ ಅದೇ ರೋಗಕ್ಕೆ ಬಲಿಯಾದರು. ಆದರೆ, ರೋಗ ಮೈಯಲ್ಲಿದ್ದಾಗಲೇ ಈ ಕಣಗಳನ್ನು ಪಡೆದ ಒಬ್ಬ ಹುಡುಗಿ, ಬೇರಾವ ಚಿಕಿತ್ಸೆಯೂ ಇಲ್ಲದೆ 18 ವರ್ಷ ದಾಟಿಯೂ ರೋಗಮುಕ್ತಳಾಗಿದ್ದಾಳೆಂದು 2025ರಲ್ಲಿ ವರದಿಯಾಯಿತು. ಆಕೆ ಈಗ ತಾಯಿ.

ರೋಮಿನ ಬಂಬಿನೊ ಜೆಸು ಮಕ್ಕಳ ಆಸ್ಪತ್ರೆಯವರು ಕೊಕ್ಕೆಯನ್ನು ಇನ್ನಷ್ಟು ಬಲಪಡಿಸಿದರು. 2023ರ ಅವರ ವರದಿಯಲ್ಲಿ, ಬಹುಪಾಲು ಹಳೆಯ ಚಿಕಿತ್ಸೆಗೆ ಬಗ್ಗದ ಅಥವಾ ಮರುಕಳಿಸಿದ ರೋಗದ 27 ಮಕ್ಕಳಲ್ಲಿ 17 ಮಂದಿಗೆ ಗುಣ ಕಂಡಿತು. 9 ಮಂದಿಯಲ್ಲಿ ರೋಗದ ಕುರುಹೇ ಮಾಯವಾಯಿತು. ತಿದ್ದಿದ ಕಣಗಳು ಮೇರೆ ಮೀರಿದರೆ ಔಷಧವೊಂದರಿಂದ ಅವನ್ನು ಕೊಲ್ಲುವ ಏರ್ಪಾಡೂ ಅವುಗಳಲ್ಲೇ ಇತ್ತು. ಒಂದು ಮಗುವಿಗೆ ಅದನ್ನು ಬಳಸಬೇಕಾಗಿಯೂ ಬಂತು. ಕಣಗಳು ಬೇಗನೆ ಇಲ್ಲವಾದವು. ನಮಗೆ ಅತ್ಯಂತ ಮಹತ್ವದ್ದೆಂದು ತೋರುವುದು ಇದು: ರೋಗದ ಹೊರೆ ಕಡಿಮೆಯಿದ್ದ ಮಕ್ಕಳಿಗೇ ಹೆಚ್ಚು ಲಾಭವಾಯಿತು.

ಆದುದರಿಂದ ಊರಿನಿಂದ ಬಂದ ತಂದೆತಾಯಿಗಳಿಗೆ ನಾವು ಹೇಳಬೇಕಾದುದು ಇಷ್ಟು. ಮಕ್ಕಳ ಗಡ್ಡೆಗಳಿಗೆ ಈ ಚಿಕಿತ್ಸೆ ಇನ್ನೂ ಪ್ರಯೋಗದ ಹಂತದಲ್ಲಿದೆ. ಇದನ್ನು ನೆಚ್ಚಿ, ವೈದ್ಯರು ಇಂದು ಕೊಡಬಲ್ಲ ಶಸ್ತ್ರಕ್ರಿಯೆ, ಔಷಧಗಳನ್ನು ಮುಂದೂಡಬಾರದು. ಯಾರಾದರೂ ಕಾರ್-ಟಿ ಕೊಡುತ್ತೇವೆಂದರೆ ಹೊಲ ಮಾರುವ ಮೊದಲು ಕೇಳಿ: ಇದು ಒಪ್ಪಿಗೆ ಪಡೆದುದೋ, ಪ್ರಯೋಗವೋ? ಪ್ರಯೋಗವಾದರೆ ನೈತಿಕ ಸಮಿತಿಯ ಅನುಮತಿ ಎಲ್ಲಿ? ಪ್ರಯೋಗದ ಖರ್ಚನ್ನು ರೋಗಿಯ ತಲೆಗೆ ಕಟ್ಟಬಾರದೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಸೂತ್ರ. ಒಪ್ಪಿಗೆಯ ಕಾಗದ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇದ್ದು ಅರ್ಥವಾಗದಿದ್ದರೆ, ರುಜು ಹಾಕುವ ಮೊದಲು ನಮ್ಮ ಸಂಘದ ಕಚೇರಿಗೆ ತನ್ನಿ. ಓದಿ ಕನ್ನಡದಲ್ಲಿ ಹೇಳುತ್ತೇವೆ.